ನಾನು ಹಾಲು ಚೆಲ್ಲಲಿಲ್ಲ

ಗಡಿಯ ಕಾಳಗದಲ್ಲಿ ತೀರಿಕೊಂಡ ನಮ್ಮ ಮನೆಯವರ ಕುರಿತು ಸಿನಿಮಾ ತೆಗೆಯುತ್ತೇವೆಂದು ಹೋದ ವರ್ಷ ನಿರ್ದೇಶಕರೊಬ್ಬರು ಬಂದು ಚಿಕ್ಕೋಡಿಯ ಲಾಡ್ಜಿನಲ್ಲಿ ಉಳಿದಿದ್ದರು. ದಿನಾ ಅಲಖನೂರ ಹತ್ತಿರದ ನಮ್ಮ ತೋಟದ ಮನೆಗೆ ಬರುವರು. ಎಲ್ಲವೂ ನಡೆದ ಹಾಗೇ ಇರಬೇಕು ಎನ್ನುವುದು ಅವರ ಹಟ. ಟ್ರಂಕಿನಿಂದ ನಮ್ಮ ಮನೆಯವರ ಬೂಟು ತೆಗೆಸಿ, ಲೇಸು ಪೋಣಿಸಿದ ರೀತಿಯ ಫೋಟೊ ಕೂಡ ಹೊಡೆದುಕೊಂಡರು. ಬಂದೂಕು ಯಾವ ಹೆಗಲಿಗೆ, ಹಿಮದ ಕನ್ನಡಕದ ಪಟ್ಟಿ ಯಾವ ಬಣ್ಣದ್ದು, ಎಲ್ಲ ಕೇಳಿದರು. ನನಗೆ ಖುಷಿಯೇ ಆಗಿತ್ತು.

ಕೊನೆಗೆ ನನ್ನ ದೃಶ್ಯ ಓದಿದರು. ಸೈನ್ಯದ ಜೀಪು ಅಂಗಳಕ್ಕೆ ಬರುತ್ತದೆ. ಎಮ್ಮೆ ಹಿಂಡುತ್ತಿದ್ದ ಹೆಂಡತಿ ಗಾಬರಿಯಿಂದ ಎದ್ದು ನಿಲ್ಲುತ್ತಾಳೆ. ಕೈಯಿಂದ ಚರಿಗೆ ಜಾರಿ ಹಾಲೆಲ್ಲ ನೆಲದ ಪಾಲು.

ನನಗೆ ಮೈಯೆಲ್ಲ ಉರಿದುಹೋಯಿತು.

"ನಾ ಹಾಲು ಚೆಲ್ಲಿಲ್ರಿ," ಅಂದೆ. "ಪೂರಾ ಹಿಂಡೇ ಎದ್ದೀನಿ."

ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಆ ಎಮ್ಮೆ ಬೇರೆಯವರು ಕೈ ಹಾಕಿದರೆ ಒದೆಯುತ್ತಿತ್ತು, ಅದಕ್ಕೇ ಕೂತೆ ಎಂದು ಕೇಳಿದವರಿಗೆಲ್ಲ ಹೇಳಿದ್ದೆ. ಯಾರೂ ನಂಬಲಿಲ್ಲ. ಗಂಡನ ಸುದ್ದಿ ಅಂಗಳಕ್ಕೆ ಬಂದರೂ ಎಮ್ಮೆ ಬಿಟ್ಟು ಏಳದ ಕಲ್ಲೆದೆಯವಳು ಎಂದು ಅತ್ತೆಯ ಕಡೆಯವರು ಇವತ್ತಿಗೂ ಮದುವೆಮನೆಯಲ್ಲಿ ನನ್ನ ಕಂಡರೆ ಪಿಸುಗುಡುತ್ತಾರೆ. ಈಗ ಈ ಮಹಾಶಯರು ನನ್ನನ್ನು ಅವರಿಗೆ ಒಪ್ಪುವಂಥ ಹೆಂಡತಿ ಮಾಡಲು ಹೊರಟಿದ್ದರು. ಬೂಟಿನ ಲೇಸಿಗೆ ಸಿಕ್ಕ ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

"ಚೆಲ್ಲಿದ್ರೆ ಜನಕ್ಕೆ ತಟ್ಟುತ್ತೆ ಅಮ್ಮಾ," ಎಂದರು ನಿರ್ದೇಶಕರು. "ಸುಮ್ಮನೆ ಹಿಂಡ್ತಾ ಕೂತ್ರೆ ಏನಂತ ಅರ್ಥ ಮಾಡ್ಕೋತಾರೆ?"

ಅಲ್ಲಿಯವರೆಗೆ ಯಾರ ಮುಂದೆಯೂ ಆಡದ್ದನ್ನು ಆಗ ಆಡಿದೆ.

"ಜೀಪು ಕಂಡ ಕೂಡ್ಲೆ ನನಗ ತಿಳೀತು. ಬಂದವ್ರು ಇಬ್ರೂ ಟೊಪಗಿ ತಗದು ಮನಿ ಗ್ವಾಡಿ ಬಾಜೂಕ ನಿಂತ್ರು. ನಾ ಏಳೂತನಕಾ ಅವ್ರು ಬಾಯಿ ಬಿಡಲಿಲ್ಲ. ಅವ್ರು ಹೇಳೂತನಕಾ ನಮ್ಮ ಮನಿಯವ್ರು ಜೀವಂತ ಇದ್ರು ನನಗ. ಹಾಲು ಮುಗೀತು. ಬರೇ ಮೊಲಿ ಜಗ್ಗಕೋತ ಕುಂತೆ. ಎಮ್ಮೀನೂ ಒದಿಲಿಲ್ಲ."

ನಿರ್ದೇಶಕರು, ಅಷ್ಟು ಹೊತ್ತು ಪರದೆಯ ಮೇಲೆ ಏನೂ ನಡೆಯದಿದ್ದರೆ ಥಿಯೇಟರಿನಲ್ಲಿ ಜನ ಕೂರುವುದಿಲ್ಲ ಎಂದರು.

"ನಾ ಕುಂತಿದ್ದೆನಲ್ರಿ," ಅಂದೆ. "ಅವ್ರೂ ಕುಂದರಲಿ."