ಹೂ ಕಟ್ಟುವ ಕೈಗೆ ಉಲ್ಲನ್

ಮುನಿಯಲ್ಲಮ್ಮನನ್ನು ಮೊದಮೊದಲು ನಾನು ಬೈದದ್ದೇ ಹೆಚ್ಚು. ಮಾಲೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸೈಬರ್ ಸೆಂಟರ್, ಅದರ ಮೆಟ್ಟಿಲ ಮೇಲೆ ಆಕೆಯ ಹೂವಿನ ಬುಟ್ಟಿ. ಗಿರಾಕಿಗಳು ಕಾಲಿಡಲು ಜಾಗವಿಲ್ಲ, ಮೆಟ್ಟಿಲ ತುಂಬ ನೀರು. ಸರಿದು ಕೂತುಕೋ ಎಂದರೆ "ಸರಿ ಆಶಮ್ಮ" ಅನ್ನುತ್ತಿದ್ದಳು, ಒಂದು ಗೇಣು ಸರಿಯುತ್ತಿದ್ದಳು, ಸಂಜೆಗೆ ಮತ್ತೆ ಅಲ್ಲೇ. ಗಂಡ ಸತ್ತು ಹದಿನೈದು ವರ್ಷ ಆ ಬುಟ್ಟಿಯಿಂದಲೇ ಬದುಕಿದವಳು. ಯಾರ ಮನೆ ಬಾಗಿಲಲ್ಲೂ ಹೋಗಿ ನಿಂತವಳಲ್ಲ.

ಎರಡು ಸಾವಿರದ ಒಂಬತ್ತರ ಆಷಾಢದಲ್ಲಿ ಆಕೆಯ ಬೆರಳ ಸಂದುಗಳೆಲ್ಲ ಬಿರಿದು ರಕ್ತ ಒಸರತೊಡಗಿತು. ಇನ್ನು ನೀರಲ್ಲಿ ಕೈ ಅದ್ದುವ ಕೆಲಸ ಮಾಡಲೇಬಾರದು ಎಂದರು ಡಾಕ್ಟರು. ಒದ್ದೆ ನಾರು, ಒದ್ದೆ ಹೂವು ಬಿಟ್ಟರೆ ಮುನಿಯಲ್ಲಮ್ಮನಿಗೆ ಬೇರೆ ಗೊತ್ತಿದ್ದದ್ದೇನು? ಬುಟ್ಟಿಯಿಲ್ಲದೆ ಬಂದು ಅದೇ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಆಗ ಮಾತ್ರ ನನಗೆ ಬೈಯಲು ಬಾಯಿ ಬರಲಿಲ್ಲ.

ಆ ದಿನಗಳಲ್ಲಿ ನನಗೆ ಹೆಣಿಗೆಯ ಹುಚ್ಚು. ಮುಳಬಾಗಿಲಿನ ಸುಮೇಧಾ ಎಂಬ ಹುಡುಗಿ ಮದುವೆಯಾಗಿ ಡೆಹ್ರಾಡೂನಿನಲ್ಲಿದ್ದಳು. ಭಾನುವಾರ ಮಧ್ಯಾಹ್ನ ಅಲ್ಲಿಂದಲೇ ಕಂಪ್ಯೂಟರಿನಲ್ಲಿ ನಾಲ್ಕೈದು ಹೆಂಗಸರಿಗೆ ಕನ್ನಡದಲ್ಲಿ ಪಾಠ ಮಾಡುತ್ತಿದ್ದಳು. ನಾನು ಕೌಂಟರಿನಲ್ಲಿ ಕೂತು ಅಭ್ಯಾಸ ಮಾಡುವುದನ್ನು ಮುನಿಯಲ್ಲಮ್ಮ ಬಾಗಿಲಿಂದ ನೋಡುತ್ತಿದ್ದಳು. ಒಂದು ದಿನ, "ಅದು ಒಣಗಿರೋ ಕೆಲ್ಸ ಅಲ್ವಾ ಆಶಮ್ಮ? ನಂಗೂ ಬರುತ್ತಾ?" ಎಂದಳು. ಕಡ್ಡಿ ಕೊಟ್ಟೆ, ಭಾನುವಾರದ ಪಾಠಕ್ಕೂ ಪಕ್ಕದಲ್ಲಿ ಕೂರಿಸಿಕೊಂಡೆ. ಹತ್ತೇ ದಿನದಲ್ಲಿ ನನ್ನ ಆರು ತಿಂಗಳ ವಿದ್ಯೆಯನ್ನು ಮೂಲೆಗೆ ತಳ್ಳಿದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ಬಣ್ಣದ ಹೆಣಿಗೆಯ ಪಾಠ ಶುರುವಾದಾಗಲಂತೂ ನಾನು ಲೆಕ್ಕ ತಪ್ಪಿ ತಲೆ ಕೆರೆದುಕೊಳ್ಳುತ್ತಿದ್ದರೆ ಆಕೆ ನಗುತ್ತಿದ್ದಳು. "ಮೂರು ಮಲ್ಗೆ, ಒಂದು ಕನಕಾಂಬ್ರ, ಮತ್ತೆ ಮೂರು ಮಲ್ಗೆ. ಇದ್ರಲ್ಲೇನಿದೆ?" ಆಕೆಯ ಪಾಲಿಗೆ ಬಿಳಿ ಉಲ್ಲನ್ ಮಲ್ಲಿಗೆ, ಕೇಸರಿ ಉಲ್ಲನ್ ಕನಕಾಂಬರ.

ನಮ್ಮೂರಿನ ಒಂದು ನರ್ಸರಿ ಶಾಲೆಯ ಆದಿಲಕ್ಷ್ಮಿ ಮೇಡಂ ಚಳಿಗಾಲಕ್ಕೆ ಮಕ್ಕಳಿಗೆ ಸ್ವೆಟರ್ ಹುಡುಕುತ್ತಿದ್ದರು. ಕತ್ತಿನ ಸುತ್ತ ಬಣ್ಣದ ಪಟ್ಟಿ ಇರಬೇಕು. ಬುಧವಾರ ಮಾದರಿಗೆ ಒಂದು ತಂದು ತೋರಿಸಿ, ಸರಿಯಿದ್ದರೆ ನಲವತ್ತೂ ಮುನಿಯಲ್ಲಮ್ಮನಿಗೇ ಎಂದರು. ಆ ನಲವತ್ತು ಕೈಗೆ ಬಂದರೆ ಆಕೆ ಮತ್ತೆ ತನ್ನ ಕಾಲ ಮೇಲೆ ನಿಲ್ಲುತ್ತಾಳೆ.

ಶನಿವಾರಕ್ಕೆ ಸ್ವೆಟರ್ ಮುಗಿಯಿತು. ನೋಡಲು ಚೆಂದವೋ ಚೆಂದ. ನನ್ನ ನಾಲ್ಕು ವರ್ಷದ ಮಗಳಿಗೆ ಹಾಕಿ ನೋಡಿದರೆ ಕಿವಿಯ ಹತ್ತಿರ ಸಿಕ್ಕಿಕೊಂಡು ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಮಗು ಕಿರುಚಿಕೊಂಡಿತು. ಮುನಿಯಲ್ಲಮ್ಮ ಕತ್ತಿನ ಪಟ್ಟಿ ಬಿಚ್ಚಿ ಮತ್ತೆ ಹೆಣೆದಳು. ಭಾನುವಾರವೂ ಅದೇ ಕಥೆ.

ಪಾಠದ ಹೊತ್ತಿಗೆ ಸುಮೇಧಾ, "ನೀವು ಹೆಣೆಯೋದನ್ನ ಒಂದ್ಸಲ ಕ್ಯಾಮೆರಾ ಮುಂದೆ ತೋರಿಸಿ" ಎಂದಳು. ಮುನಿಯಲ್ಲಮ್ಮ ಎರಡೂ ಕೈ ಸೆರಗಿನೊಳಗೆ ಸೇರಿಸಿಬಿಟ್ಟಳು. ಇಷ್ಟು ದಿನವೂ ಆಕೆ ಹೆಣೆದದ್ದನ್ನು ನಾನೇ ಎತ್ತಿ ತೋರಿಸುತ್ತಿದ್ದೆ. "ಅವ್ರ ಬೆರಳೆಲ್ಲ ಎಷ್ಟು ನುಣ್ಣಗಿವೆ, ನೋಡು. ನನ್ ಕೈ ನೋಡಿದ್ರೆ ಅಸಹ್ಯ ಪಡ್ತಾರೆ" ಎಂದು ಪಿಸುಗುಟ್ಟಿದಳು. ನನಗೆ ಕೋಪ ನೆತ್ತಿಗೇರಿತು. "ನಿನ್ ಕೈ ಮುಖ್ಯಾನೋ, ನಲವತ್ತು ಸ್ವೆಟರ್ ಮುಖ್ಯಾನೋ? ತೆಗಿ ಈಚೆ!" ಎಂದು ಗದರಿದೆ. ಆಕೆ ಕಣ್ಣು ಮುಚ್ಚಿಕೊಂಡು ಕೈ ಮುಂದಿಟ್ಟಳು.

ಸುಮೇಧಾ ಬಿರಿದ ಬೆರಳುಗಳ ಮಾತೇ ಎತ್ತಲಿಲ್ಲ. ನಾಲ್ಕು ಕುಣಿಕೆ ನೋಡಿದವಳೇ, "ಮುನಿಯಲ್ಲಮ್ಮನವರೇ, ಮುಂಚೆ ಹೂ ಕಟ್ತಿದ್ರಾ?" ಎಂದಳು. ಮುನಿಯಲ್ಲಮ್ಮನ ಕೈ ಪ್ರತಿ ಸಲ ಬಣ್ಣ ಬದಲಾಯಿಸುವಾಗಲೂ ಎಳೆಯನ್ನು ಗಂಟು ಬಿಗಿಯುವ ಹಾಗೆ ಜಗ್ಗುತ್ತಿತ್ತು. ಹೆಣಿಗೆಯಲ್ಲಿ ಸರದಿ ಇಲ್ಲದ ಬಣ್ಣದ ಎಳೆ ಹಿಂದುಗಡೆ ಸಡಿಲವಾಗಿ ಹಾಯಬೇಕು. ಅದು ಬಿಗಿದರೆ ಬಟ್ಟೆಯೇ ಹಿಂಡಿಕೊಳ್ಳುತ್ತದೆ.

"ಸಡಿಲ ಬಿಟ್ರೆ ಹೂವು ಉದುರೋಗುತ್ತಲ್ಲಮ್ಮ! ಚಿಕ್ಕೋಳಿದ್ದಾಗ್ಲಿಂದ್ಲೂ ಹೂ ಕಟ್ಟಿದ ಕೈ ಇದು, ಹೇಳಿದ್ರೆ ಕೇಳಲ್ಲ."

"ಕೈ ಬದಲಾಯಿಸೋದೇ ಬೇಡ ಬಿಡಿ" ಎಂದಳು ಸುಮೇಧಾ. ಸ್ವೆಟರಿನ ಒಳಮೈ ಹೊರಗೆ ತಿರುಗಿಸಿ ಹೆಣೆಯಲು ಹೇಳಿಕೊಟ್ಟಳು. ಹಾಗೆ ಮಾಡಿದರೆ ಎಳೆ ಹೊರಸುತ್ತಿನಲ್ಲಿ ಹಾಯುತ್ತದೆ, ದೂರ ಹೆಚ್ಚಾಗುತ್ತದೆ. ಎಷ್ಟೇ ಜಗ್ಗಿದರೂ ಬೇಕಾದಷ್ಟು ಉದ್ದವನ್ನು ತಾನೇ ಎಳೆದುಕೊಳ್ಳುತ್ತದೆ. ಒಂದು ಗಂಟೆಯ ಪಾಠ ಎರಡೂವರೆ ಗಂಟೆ ನಡೆಯಿತು.

ಬುಧವಾರ ಆದಿಲಕ್ಷ್ಮಿ ಮೇಡಂ ಯುಕೆಜಿಯ ಗುಂಡುಮುಖದ ಹುಡುಗಿಯೊಬ್ಬಳನ್ನು ಕರೆದರು. ಸ್ವೆಟರ್ ಕಿವಿ ದಾಟಿ ಸಲೀಸಾಗಿ ಕತ್ತಿಗಿಳಿಯಿತು. ಹುಡುಗಿ ಅದನ್ನು ಬಿಚ್ಚಿ ಕೊಡಲು ಒಪ್ಪಲೇ ಇಲ್ಲ. ನಲವತ್ತೂ ನಮ್ಮ ಮುನಿಯಲ್ಲಮ್ಮನಿಗೇ ಸಿಕ್ಕವು.

ಮುಂದಿನ ಭಾನುವಾರ ಆಕೆ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಸುಮೇಧಾ ತೆರೆಯ ಮೇಲೆ ಕಾಣಿಸಿದ್ದೇ ತಡ, "ಟೀಚರಮ್ಮ, ಒಸಿ ಕಾಲು ತೋರ್ಸು, ನಾ ತಲ್ಲೀ, ನನ್ ತಾಯಿ" ಎಂದಳು. ಸುಮೇಧಾ ಗಾಬರಿಯಾದಳು. "ಅಯ್ಯೋ, ನಾನು ನಿಮ್ಮ ಮಗಳ ವಯಸ್ಸಿನವಳು!"

"ವಯಸ್ಸು ಯಾರು ಕೇಳಿದ್ರು? ಅಕ್ಷರ ಕಲಿಸ್ಲಿಲ್ಲ ನಂಗೆ ಯಾರೂ. ಹೂವು ಕಟ್ಟೋದೂ ಅವ್ರಿವ್ರನ್ನ ನೋಡ್ಕಂಡು ಬಂದಿದ್ದು. ಇಷ್ಟು ವಯಸ್ಸಿಗೆ ನಂಗೇ ಅಂತ ಕೂತ್ಕೊಂಡು ಹೇಳ್ಕೊಟ್ಟೋಳು ನೀನೊಬ್ಳೇ."

ಅತ್ತ ಸುಮೇಧಾಳ ಕ್ಯಾಮೆರಾ ಮೆಲ್ಲಗೆ ಕೆಳಗಿಳಿದು ಪಾದಗಳ ಮೇಲೆ ನಿಂತಿತು. ಮುನಿಯಲ್ಲಮ್ಮ ಎರಡೂ ಕೈಯಿಂದ ತೆರೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.