ಸ್ಟಕಿ ಬೀಗ ಹಾಕಿಟ್ಟ ಹೆಲ್ಮೆಟ್

ತೊಂಬತ್ತು ಗಂಡಸರ ಬೆವರಿನ ಬಟ್ಟೆ ಒಗೆಯುವುದು ನನ್ನ ಉದ್ಯೋಗ. ಅದಕ್ಕೂ ಡಿಗ್ರಿ ಕೇಳಿದ್ದರು, ಇತಿಹಾಸದ್ದೊಂದು ನನ್ನಲ್ಲಿತ್ತು. ಕ್ಯಾನ್ಸಸ್‌ನ ಪ್ರೆಂಟಿಸ್ ಕಾಲೇಜಿನ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನು ಕೋಣೆಗೆ ನಾನೇ ದೊರೆ. ಹೆಲ್ಮೆಟ್ಟು, ಭುಜದ ಕವಚ, ಒಳಚಡ್ಡಿ ಎಲ್ಲವೂ ನನ್ನ ಪ್ರಜೆಗಳು. 2003ರಲ್ಲಿ ಆಡಿದ ಹತ್ತು ಪಂದ್ಯಗಳಲ್ಲಿ ಒಂಬತ್ತು ಸೋತಿದ್ದೆವು. ಉಳಿದೊಂದರಲ್ಲಿ ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು, ಅವರು ಊಟವಿಲ್ಲದೆ ಬಂದು ಆಡಿದ್ದರು. ಆ ಗೆಲುವಿಗೆ ನಾವು ಬ್ಯಾಂಡಿನ ಸಮೇತ ಮೆರವಣಿಗೆ ಹೊರಟೆವು.

ಇಂಥ ತಂಡಕ್ಕೆ ವರ್ನನ್ ಸ್ಟಕಿ ಇಪ್ಪತ್ತಾರು ವರ್ಷಗಳಿಂದ ಸಹಾಯಕ ಕೋಚ್. ಚೆಂಡು ಮುಟ್ಟುವ ಯೋಗವಿಲ್ಲದೆ, ಚೆಂಡು ಹಿಡಿದವನ ಮುಂದೆ ಗೋಡೆಯಾಗಿ ನಿಂತು ಗುದ್ದಿಸಿಕೊಳ್ಳುವ ಐದು ದಢೂತಿಗಳು ಅವನ ಪಾಲಿಗೆ ಬಂದವರು. ನಾಲ್ಕು ಜನ ಹೆಡ್ ಕೋಚ್‌ಗಳು ಬಂದು ಹೋಗಿದ್ದರು. ಮನೆ ಖಾಲಿ ಮಾಡುವವರು ಹಳೆಯ ಸೋಫಾ ಬಿಟ್ಟುಹೋಗುವಂತೆ ಪ್ರತಿಯೊಬ್ಬನೂ ಇವನನ್ನು ಬಿಟ್ಟುಹೋಗಿದ್ದ. ಸೂರ್ಯಕಾಂತಿ ಬೀಜ ಜಗಿದು ಕಾಗದದ ಲೋಟಕ್ಕೆ ಉಗುಳುತ್ತಿದ್ದ. ಲೋಟವನ್ನು ಕಂಡಕಂಡಲ್ಲಿ ಮರೆಯುತ್ತಿದ್ದ. ಒಮ್ಮೆ ಅದನ್ನು ಕಾಫಿಯೆಂದು ಕುಡಿದ ಜಾಣ ನಾನೇ.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಹುಡುಗರನ್ನು ಕೂರಿಸುವುದು. ಒಬ್ಬ ಹುಡುಗ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಬಹುದು. ಮೊದಲ ವರ್ಷ ಒಂದೂ ಪಂದ್ಯಕ್ಕೆ ಇಳಿಯದೆ ಕೂತರೆ ನಾಲ್ಕೂ ಉಳಿಯುತ್ತವೆ. ಒಂದೇ ಒಂದು ಸಲ ಮೈದಾನಕ್ಕೆ ಇಳಿದರೂ ಆ ವರ್ಷ ಖರ್ಚಾದಂತೆ. "ಹುಡುಗ ಅಂದ್ರೆ ಕಲಸಿಟ್ಟ ಹಿಟ್ಟು. ಉಬ್ಬೋಕೆ ಬಿಡ್ಬೇಕು" ಎನ್ನುತ್ತಿದ್ದ. ಪಂದ್ಯದ ದಿನ ಕೂರುವ ಹುಡುಗರ ಹೆಲ್ಮೆಟ್ಟುಗಳನ್ನು ದಪ್ಪ ಬಟ್ಟೆಯ ಚೀಲಕ್ಕೆ ತುಂಬಿ ಬೀಗ ಜಡಿಯುತ್ತಿದ್ದ. ಬರಿದಲೆಯವನನ್ನು ಯಾವ ಮೂರ್ಖನೂ ಮೈದಾನಕ್ಕೆ ನೂಕಲಾರ ಎಂಬುದು ಅವನ ಲೆಕ್ಕಾಚಾರ. ಕೀಲಿ ನನ್ನ ಬೆಲ್ಟಿನಲ್ಲಿ ನೇತಾಡುತ್ತಿತ್ತು.

ಆ ವರ್ಷದ ಹಿಟ್ಟು ಕೋಡಿ ರಾಸ್ಮುಸನ್. ಉದ್ದಕ್ಕೆ ಕಂಬ, ಅಗಲಕ್ಕೂ ಕಂಬ. ದಿನಾ ಬೆಳಿಗ್ಗೆ ಮೆಸ್ಸಿನಲ್ಲಿ ಅವನೆದುರು ಸ್ಟಕಿ ಆರು ಬೇಯಿಸಿದ ಮೊಟ್ಟೆ ಇಟ್ಟು ಕೂರುತ್ತಿದ್ದ.

"ಆರನೇದು ಎಲ್ಲಿ ಮಗಾ?"

"ಹೊಟ್ಟೇಲಿದೆ ಕೋಚ್."

"ಹೌದಾ? ಜೇಬು ತೋರ್ಸು."

ಮೊಟ್ಟೆ ಜೇಬಿನಲ್ಲಿತ್ತು.

"ಐದನೇ ವರ್ಷ ಇವನ್ನ ನೋಡು," ಎಂದು ನನ್ನೆದುರು ಕೊಚ್ಚಿಕೊಳ್ಳುತ್ತಿದ್ದ. "ಟ್ರ್ಯಾಕ್ಟರ್ ಬಂದ್ರೂ ಸುತ್ತು ಹಾಕ್ಕೊಂಡು ಹೋಗ್ಬೇಕು." ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಐದನೆಯ ವರ್ಷಕ್ಕೆ ಕಾಯುವ ಮನುಷ್ಯ ಇಪ್ಪತ್ತಾರನೆಯ ವರ್ಷ ಎಲ್ಲಿದ್ದಾನೆಂದು ನನಗೆ ಕಾಣುತ್ತಿತ್ತಲ್ಲ!

ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿ. ನಾಲ್ಕು ನಿಮಿಷ ಬಾಕಿ. ಅವರದು ನಲವತ್ತೈದು, ನಮ್ಮದು ಸೊನ್ನೆ. ಹೆಡ್ ಕೋಚ್ ರಿಕ್ ಡಾನಹ್ಯೂ ಹಲ್ಲು ಬಿಳಿ ಮಾಡಿಸಿಕೊಂಡು ಈ ಕೆಲಸ ಹಿಡಿದಿದ್ದವನು. ಕಾಲೇಜಿನ ಟ್ರಸ್ಟಿಯೊಬ್ಬರು ಪ್ರೇಕ್ಷಕರ ಸಾಲಿನಿಂದ ಮೈದಾನದಂಚಿನ ಕಟಕಟೆಯ ತನಕ ಇಳಿದು ಬಂದು, "ಊಟಕ್ಕೆ ಬಂದಾಗ ಯಾರೋ ಹೊಸ ದೈತ್ಯನ ಬಗ್ಗೆ ಹೇಳ್ತಿದ್ರಲ್ಲ, ಎಲ್ರೀ ಅವ್ನು?" ಎಂದರು.

ಡಾನಹ್ಯೂ ಹಲ್ಲು ಬಿಟ್ಟು ಈಚೆ ತಿರುಗಿದ. "ಸ್ಟಕಿ, ರಾಸ್ಮುಸನ್‌ನ ಇಳಿಸು."

"ಅವ್ನು ಕೂರೋ ಹುಡುಗ."

"ನಾಲ್ಕೇ ನಿಮಿಷ ಕಣಯ್ಯಾ!"

"ನಾಲ್ಕು ನಿಮಿಷಕ್ಕೆ ಒಂದು ವರ್ಷ ಕೊಡೋಕಾಗಲ್ಲ."

"ಹೆಡ್ ಕೋಚ್ ಯಾರಪ್ಪಾ ಇಲ್ಲಿ? ನೀನಾ?"

ಸ್ಟಕಿ ಲೋಟಕ್ಕೆ ಉಗುಳಿದ. "ಹೆಲ್ಮೆಟ್ ಚೀಲದಲ್ಲಿದೆ. ಕೀಲಿ ಕಳ್ದೋಗಿದೆ."

ಅವನ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು. ಅಭ್ಯಾಸವಿಲ್ಲದವನ ಸುಳ್ಳು, ಕಿವಿಯೆಲ್ಲ ಕೆಂಪಾಗಿತ್ತು. ಡಾನಹ್ಯೂ ನನ್ನನ್ನು ನೋಡಿದ. ಡಿಸೆಂಬರಿಗೆ ನನ್ನ ಕರಾರು ಮುಗಿಯುವುದಿತ್ತು.

"ಇಲ್ಲೇ ಇದೆ ಕೋಚ್!" ಎಂದೆ, ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ತರಗತಿಯ ಜಾಣನಂತೆ. ಬೀಗ ತೆಗೆದು, ಹೆಲ್ಮೆಟ್ಟನ್ನು ಅಂಗಿಯ ತೋಳಿನಿಂದ ಒರೆಸಿ ಬೇರೆ ಕೊಟ್ಟೆ.

ಕೋಡಿ ಓಡಿದ. ಒಂದೇ ಆಟ, ಅಂದರೆ ಚೆಂಡು ಕೈಗೆ ಬಂದು ನೆಲಕ್ಕೆ ಬೀಳುವ ತನಕದ ನಾಲ್ಕಾರು ಸೆಕೆಂಡು. ಗಾಬರಿಯಲ್ಲಿ ಎದುರಾಳಿಯ ಅಂಗಿ ಹಿಡಿದು ಜಗ್ಗಿದ. ರೆಫರಿ ತಪ್ಪಾಟವೆಂದು ಹಳದಿ ಬಟ್ಟೆ ಎಸೆದು ಆ ಒಂದು ಆಟವನ್ನೇ ರದ್ದು ಮಾಡಿದ. ಡಾನಹ್ಯೂ ಹೆಮ್ಮೆಯಿಂದ ಕಟಕಟೆಯತ್ತ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಜನ ಹೊರಡುವ ಮೊದಲೇ ಕಾರು ತೆಗೆಯಬೇಕೆಂದು ಟ್ರಸ್ಟಿ ಹೊರಟುಹೋಗಿದ್ದರು.

"ಅವನನ್ನ ವಾಪಸ್ ಕರಿ," ಎಂದ ಡಾನಹ್ಯೂ.

ಕೋಡಿ ಏದುಸಿರು ಬಿಡುತ್ತ ಬಂದ. "ರದ್ದಾಯ್ತಲ್ಲ ಕೋಚ್, ಲೆಕ್ಕಕ್ಕಿಲ್ಲ ಅಲ್ವಾ?"

"ಆಟ ಲೆಕ್ಕಕ್ಕಿಲ್ಲ ಮಗಾ," ಎಂದ ಸ್ಟಕಿ. "ವರ್ಷ ಲೆಕ್ಕಕ್ಕಿದೆ."

ಸೋಮವಾರ ಸ್ಟಕಿ ನನ್ನ ಕೋಣೆಗೆ ಬಂದು ಅಂಗೈ ಚಾಚಿ ನಿಂತ. ಬೈಯಲೂ ಇಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು: ಹೆಂಡತಿ ಮಕ್ಕಳು ಎನ್ನುತ್ತಿದ್ದೆ, ಯಾರೂ ಇಲ್ಲದಿದ್ದರೂ. ಕೀಲಿ ಕೊಟ್ಟೆ. ಅದನ್ನು ಶೂ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಮೆಸ್ಸಿಗೆ ನಡೆದ.

ನನ್ನ ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿದ ಕಾಗದ ಅದೇ ಬೆಳಿಗ್ಗೆ ಬಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದ ಮೇಜಿನಲ್ಲಿ ತಿಂಡಿಗೆ ಕೂತೆ. ಸ್ಟಕಿ ಕೋಡಿಯ ತಟ್ಟೆಗೆ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತಿದ್ದ.

"ಕೋಚ್, ಏಳು ಇದೆ."

"ಇನ್ನು ಮೂರೇ ವರ್ಷ ಇರೋದು," ಎಂದ ಸ್ಟಕಿ. "ತಿನ್ನು."