ತಪ್ಪಿಗೆ ಬಂದ ಗೌರವ

ಮಣ್ಣುವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕಿಗೆ ಇಟ್ಟಿದ್ದ ಹೆಸರು ಕೆಸರಕ್ಕ. ಉಗುರಿನ ಸಂದಿಯಲ್ಲಿ ಸದಾ ಜೇಡಿಮಣ್ಣು ಕೂತಿರುತ್ತಿತ್ತು, ಅದಕ್ಕೆ. ಹೆಸರು ಅವಳ ಕಿವಿಗೂ ಬಿದ್ದಿತ್ತು. ಕೇಳಿಸಿದರೂ ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳಿಗೆ ಮಣ್ಣು ತುಂಬಿ, ಮೇಲಿಂದ ನೀರು ಬಿಟ್ಟು, ಅದು ಎಷ್ಟು ಬೇಗ ಕೆಳಗಿಳಿಯುತ್ತದೆಂದು ಅಳೆಯುವುದು ಅವಳ ಕೆಲಸ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ಮೊದಲ ಪ್ರಬಂಧದಲ್ಲಿ, ಜೇಡಿಮಣ್ಣಿನಲ್ಲಿ ನೀರು ಇಳಿಯುವ ವೇಗ ಇಷ್ಟು ಎಂದು ಒಂದು ಸಂಖ್ಯೆ ಕೊಟ್ಟಿದ್ದಳು. ಕೆಲವು ವರ್ಷ ಕಳೆದು ಅದೇ ಪ್ರಯೋಗವನ್ನು ಮತ್ತೆ ಮಾಡುವಾಗ ತಪ್ಪು ಅವಳ ಕಣ್ಣಿಗೆ ಬಿತ್ತು. ಗಾಜಿಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು. ನೀರು ಮಣ್ಣಿನೊಳಗೆ ಇಳಿಯದೆ ಆ ಸಂದಿನಲ್ಲೇ ಜಾರಿಹೋಗುತ್ತಿತ್ತು. ನಿಜವಾದ ವೇಗ ಅವಳು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ.

ಇನ್ನೊಬ್ಬರಾಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಅವಳು ತಿದ್ದುಪಡಿ ಬರೆದು ಅದೇ ಪತ್ರಿಕೆಗೆ ಕಳಿಸಿದಳು, ಅಚ್ಚೂ ಆಯಿತು. ಆಮೇಲೆ ವರ್ಷಗಟ್ಟಲೆ ಕೂತು ಬೇರೆ ಬೇರೆ ಮಣ್ಣುಗಳ ವೇಗವನ್ನು ಸರಿಯಾಗಿ ಅಳೆದಳು. ಆ ಕೆಲಸವನ್ನು ಕಣ್ಣೆತ್ತಿ ನೋಡಿದವರು ಬೆರಳೆಣಿಕೆಯ ಜನ. ಬಡ್ತಿಯ ಸಂದರ್ಶನಕ್ಕೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ನಿಮ್ಮ ಈ ಹೊಸ ಕೆಲಸಾನ ಬೇರೆಯವರು ಎಲ್ಲಾದ್ರೂ ಉಲ್ಲೇಖ ಮಾಡಿದಾರಾ?" ಅವಳು ತಲೆ ತಗ್ಗಿಸಿಕೊಂಡು ಹೊರಬರುತ್ತಿದ್ದಳು.

ಅತ್ತ ಆ ಹಳೆಯ ತಪ್ಪು ಸಂಖ್ಯೆ ಮಾತ್ರ ಊರೂರು ಸುತ್ತುತ್ತಿತ್ತು. ಕಸದ ಗುಂಡಿಗೆ ಜೇಡಿಯ ಹಾಸು ಹಾಕುವ ಎಂಜಿನಿಯರುಗಳು ಅದನ್ನು ಬಳಸಿದರು. ಮಣ್ಣಿನ ಪಾತ್ರೆಗಳ ಮೇಲೆ ಸಂಶೋಧನೆ ಮಾಡುವವರು ಬಳಸಿದರು. ಗಾಯಕ್ಕೆ ಹಚ್ಚುವ ಜೇಡಿಯ ಮುಲಾಮು ತಯಾರಿಸುವ ವೈದ್ಯರೂ ಬಳಸಿದರು. ಒಬ್ಬರ ಪ್ರಬಂಧದಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಎತ್ತಿಕೊಂಡರು.

ಒಂದು ದಿನ ವಿಭಾಗದ ಮುಖ್ಯಸ್ಥರು ಕರೆಸಿದರು. ಎಂದೂ ಕುರ್ಚಿ ತೋರಿಸದವರು ಎದ್ದು ನಿಂತು ಬರಮಾಡಿಕೊಂಡರು.

"ಕೂತ್ಕೊಳ್ಳಿ ಮೇಡಂ. ಇಡೀ ವಿಶ್ವವಿದ್ಯಾಲಯದಲ್ಲಿ ಅತಿ ಹೆಚ್ಚು ಕ್ಷೇತ್ರದವರು ಉಲ್ಲೇಖ ಮಾಡಿರೋದು ನಿಮ್ಮ ಪ್ರಬಂಧಾನಂತೆ! ಕುಲಪತಿಗಳೇ ಸನ್ಮಾನ ಮಾಡ್ತಾರೆ."

"ಯಾವ ಪ್ರಬಂಧ ಸಾರ್?"

ಅವರು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದರು. ಅವಳ ಮುಖ ಸಪ್ಪಗಾಯಿತು.

"ಸಾರ್, ಅದು ತಪ್ಪು. ನಾನೇ ತಿದ್ದುಪಡಿ ಬರೆದಿದೀನಲ್ಲ."

"ತಪ್ಪೋ ಒಪ್ಪೋ, ಎಣಿಸೋ ಯಂತ್ರಕ್ಕೆ ಗೊತ್ತಾಗುತ್ತಾ? ನಮ್ಮ ವಿಭಾಗ ಮುಚ್ಚಬೇಕು ಅಂತ ಕೂತಿದಾರೆ ಮೇಲಿನವರು. ಇದೊಂದು ಆಸರೆ ಸಿಕ್ಕಿದೆ. ದಯವಿಟ್ಟು ಕಲ್ಲು ಹಾಕಬೇಡಿ."

ಮನೆಯಲ್ಲಿ ಗಂಡ ಅಡುಗೆಮನೆಯ ಮೇಜಿನ ಮೇಲೆ ಕರಡು ಹರಡಿಕೊಂಡು ಕೂತಿದ್ದ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಉದ್ಯೋಗ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ: "ತಪ್ಪು ಉಳಿಸಿದ್ರೆ ನಂಗೆ ಬೈಗುಳ, ನಿಂಗೆ ಸನ್ಮಾನ. ನಾನೇ ಕಸುಬು ಆರಿಸ್ಕೊಳ್ಳೋದ್ರಲ್ಲಿ ಎಡವಿದೆ ನೋಡೇ."

ನಗು ಬಂತು ಅವಳಿಗೆ. ಆದರೆ ಅರ್ಧಕ್ಕೇ ನಿಂತಿತು.

ಮುಲಾಮಿನ ವೈದ್ಯರಿಗೆ ಮಿಂಚಂಚೆ ಕಳಿಸಿದಳು: ದಯವಿಟ್ಟು ಆ ಸಂಖ್ಯೆ ಬಳಸಬೇಡಿ. ಮರುದಿನವೇ ಉತ್ತರ ಬಂತು. ತಿದ್ದುಪಡಿಯನ್ನು ಅವರು ಓದಿದ್ದರಂತೆ. ಆದರೆ ತಮ್ಮ ಕ್ಷೇತ್ರದಲ್ಲಿ ಎಲ್ಲರೂ ಹಳೆಯದನ್ನೇ ಬಳಸುವುದರಿಂದ, ಹೊಸದನ್ನು ಹಾಕಿದರೆ ಪ್ರಬಂಧ ವಾಪಸ್ ಬರುತ್ತದಂತೆ. ಕೊನೆಯಲ್ಲಿ ಅಭಿನಂದನೆ ಬೇರೆ.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ಫಲಕ ಕೈಗೆ ಬಂದ ಮೇಲೆ ಅವಳು ಮೈಕಿನ ಮುಂದೆ ನಿಂತಳು. "ಈ ಪ್ರಬಂಧದ ಸಂಖ್ಯೆ ತಪ್ಪು. ಕೊಳವೆ ತುಂಬೋದ್ರಲ್ಲಿ ನಾನು ಎಡವಿದ್ದೆ. ಸರಿಯಾದ ಸಂಖ್ಯೆ ಬೇರೆ ಇದೆ, ಈಗ ಹೇಳ್ತೀನಿ, ದಯವಿಟ್ಟು ಬರ್ಕೊಳ್ಳಿ," ಎಂದು ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದಳು.

ಯಾರೂ ಬರೆದುಕೊಳ್ಳಲಿಲ್ಲ. ಬದಲಿಗೆ ಚಪ್ಪಾಳೆಯೋ ಚಪ್ಪಾಳೆ. ಕುಲಪತಿಗಳು ಎದ್ದು ಬಂದು, "ನೋಡಿ, ಇಷ್ಟು ದೊಡ್ಡ ವಿದ್ವಾಂಸರಿಗೆ ಎಂಥಾ ವಿನಯ!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ಸಾಲಿನಲ್ಲಿದ್ದ ಮುಖ್ಯಸ್ಥರು ಹಣೆಯ ಬೆವರು ಒರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಬಡ್ತಿ ಬಂತು. ಕಿಟಕಿಯಿರುವ ಕೋಣೆ ಬಂತು. ವಿಭಾಗವೂ ಉಳಿಯಿತು. ಸರಿಯಾಗಿ ಅಳೆದ ವರ್ಷಗಳೆಲ್ಲ ಕೊಡಿಸದಿದ್ದುದನ್ನು ಒಂದು ಸಂದು ಕೊಡಿಸಿತ್ತು. ನಡುಮನೆಯಲ್ಲಿ ಗಂಡ ಫಲಕಕ್ಕೆ ಮೊಳೆ ಹೊಡೆಯಲು ಹೋದಾಗ ಅವಳು, "ಬೇಡ ಕಣ್ರೀ, ದಿನಾ ಕಣ್ಣಿಗೆ ಬೀಳುತ್ತೆ," ಎಂದು ಅದನ್ನು ಕಿತ್ತುಕೊಂಡು ಕಪಾಟಿಗೆ ಸೇರಿಸಿದಳು.

ಹೊಸ ವರ್ಷದ ತರಗತಿಯಲ್ಲಿ ಅವಳು ಎಂದಿನಂತೆ ಸರಿಯಾದ ಸಂಖ್ಯೆಯನ್ನೇ ಹಲಗೆಯ ಮೇಲೆ ಬರೆದಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಪಠ್ಯದಲ್ಲಿ ಬೇರೆ ಇದೆ. ನಿಮ್ಮ ಹೆಸರೇ ಹಾಕಿದಾರೆ. ಪರೀಕ್ಷೇಲಿ ಯಾವುದು ಬರೀಲಿ?"

ಉತ್ತರಪತ್ರಿಕೆ ನೋಡುವವರು ಹೊರಗಿನವರು. ಹೋದ ಸಲ ಸರಿಯಾದುದನ್ನು ಬರೆದ ಮಕ್ಕಳು ಅಂಕ ಕಳೆದುಕೊಂಡು ಅವಳ ಮುಂದೆ ಬಂದು ಅತ್ತಿದ್ದರು. ಅವಳು ದೂರು ಕೊಟ್ಟು ಓಡಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

"ಪಠ್ಯದಲ್ಲಿರೋದನ್ನೇ ಬರಿಯಮ್ಮ," ಎಂದಳು.

ಹುಡುಗಿ ತಲೆಯಾಡಿಸಿ ಕೂತಳು. ಕೆಸರಕ್ಕ ಹಲಗೆಯತ್ತ ತಿರುಗಿದವಳು ಸ್ವಲ್ಪ ಹೊತ್ತು ತರಗತಿಯ ಕಡೆ ಮುಖ ಮಾಡಲಿಲ್ಲ.